ಒಗ್ಗರಣೆಗೆ ಕೂಗುತ್ತಿದ್ದ ಅಲಾರಂ, ವಾಸನೆಯೇ ಇಲ್ಲದ ಗಾಳಿ

ಡಿಸೆಂಬರ್ ಕೊನೆಯ ವಾರ. ಬೆಳಿಗ್ಗೆ ಆರೂವರೆ ಆದರೂ ಗೇಟು ತೆಗೆದಿರಲಿಲ್ಲ. ಹಾಲಿನವನು ಹೊರಗೆ ನಿಂತು ಬೆಲ್ ಒತ್ತುತ್ತಲೇ ಇದ್ದ. ನಮ್ಮ ವಾಚ್‌ಮನ್ ಐದಕ್ಕೆಲ್ಲ ಎದ್ದು ನೀರಿನ ಮೋಟರ್ ಹಾಕುವವರು. ಕೆಳಗಿಳಿದು ಅವರ ರೂಮಿನ ಬಾಗಿಲು ಬಡಿದೆ. ಚಿಲಕ ತೆಗೆಯೋಕೆ ಎರಡು ನಿಮಿಷ ಬೇಕಾಯಿತು. ತೆಗೆದವರೇ ಗೋಡೆ ಹಿಡಿದು ಅಲ್ಲೇ ಕುಸಿದು ಕೂತರು. "ತಲೆ ಸಿಡೀತದೆ ಸಾ, ಕಾಲು ನಿಲ್ತಾ ಇಲ್ಲ" ಅಂದರು. ಅವರ ಹೆಂಡತಿ ವಾಂತಿ ಮಾಡಿಕೊಂಡು ಚಾಪೆಯ ಮೇಲೆ ಬಿದ್ದಿದ್ದರು. ಕರೆದರೆ ಕಣ್ಣು ಬಿಡುತ್ತಿದ್ದರು, ಮಾತು ಬರುತ್ತಿರಲಿಲ್ಲ.

ಮೂಲೆಯಲ್ಲಿ ಗಾರೆ ಕೆಲಸದ ಬಾಂಡ್ಲಿ. ಅದರ ತುಂಬಾ ಬೂದಿ. ಕಡ್ಡಿಯಲ್ಲಿ ಕೆದಕಿದರೆ ಒಳಗೆ ಇನ್ನೂ ಕೆಂಪಗಿತ್ತು. ಪಾರ್ಕಿಂಗ್‌ನಲ್ಲಿ ಇಸ್ತ್ರಿ ಮಾಡುವವರು ರಾತ್ರಿ ಮನೆಗೆ ಹೋಗುವಾಗ ಉಳಿದ ಕೆಂಡ ಕೊಟ್ಟು ಹೋಗಿದ್ದರು. ಚಳಿ ಅಂತ ಇವರು ಅದನ್ನು ಒಳಗಿಟ್ಟುಕೊಂಡು, ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಗೋಣಿಚೀಲ ಒತ್ತಿ ಮಲಗಿದ್ದರು. ರೂಮಿನಲ್ಲಿ ಹೊಗೆಯ ಸುಳಿವೇ ಇರಲಿಲ್ಲ.

ಇಬ್ಬರನ್ನೂ ಹೊರಗಿನ ಗಾಳಿಗೆ ಎಳೆದು ತಂದು 108ಕ್ಕೆ ಫೋನ್ ಮಾಡಿದೆವು. ಅಷ್ಟರಲ್ಲಿ ಒಂದನೇ ಮಹಡಿಯ ಮೇಡಂ ಕೊರೊನಾ ಕಾಲದ ಆಕ್ಸಿಮೀಟರ್ ತಂದು ಬೆರಳಿಗೆ ಹಾಕಿದರು. 98 ತೋರಿಸಿತು. "ಆಕ್ಸಿಜನ್ ಚೆನ್ನಾಗೇ ಇದೆಯಲ್ಲಾ, ಗ್ಯಾಸ್ಟ್ರಿಕ್ ಇರಬೇಕು, ಮಜ್ಜಿಗೆ ಕೊಡಿ" ಅಂದರು ಯಾರೋ. ಇಲ್ಲಿ ಸ್ವಲ್ಪ ನಿಲ್ಲಬೇಕು. ಮುಚ್ಚಿದ ರೂಮಿನಲ್ಲಿ ಕೆಂಡ ಇಟ್ಟರೆ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲ ತುಂಬಿಕೊಳ್ಳುತ್ತದೆ. ಅದು ರಕ್ತದಲ್ಲಿ ಆಕ್ಸಿಜನ್ ಹೊರುವ ಹಿಮೋಗ್ಲೋಬಿನ್‌ಗೆ ಆಕ್ಸಿಜನ್‌ಗಿಂತ ಇನ್ನೂರು ಪಟ್ಟು ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಆಕ್ಸಿಜನ್‌ಗೆ ಜಾಗವೇ ಉಳಿಯುವುದಿಲ್ಲ. ಆದರೆ ಬೆರಳಿಗೆ ಹಾಕುವ ಸಾಮಾನ್ಯ ಆಕ್ಸಿಮೀಟರ್‌ಗೆ ಎರಡರ ನಡುವಿನ ವ್ಯತ್ಯಾಸ ಗೊತ್ತಾಗುವುದಿಲ್ಲ. ಒಳಗೆ ಉಸಿರು ಕಟ್ಟುತ್ತಿದ್ದರೂ 98 ಅಂತಲೇ ತೋರಿಸುತ್ತದೆ. ಕೆಂಡ, ಗ್ಯಾಸ್ ಗೀಸರ್, ಜನರೇಟರ್ ಹತ್ತಿರ ಇದ್ದವರಿಗೆ ತಲೆನೋವು, ವಾಕರಿಕೆ, ಸುಸ್ತು ಬಂದರೆ ದಯವಿಟ್ಟು ಆ ಅಂಕಿ ನಂಬಿ ಕೂರಬೇಡಿ. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದ ಮೇಲೆ ವಿಷಯ ಖಚಿತವಾಯಿತು. ಮಾಸ್ಕ್ ಹಾಕಿ ಪೂರ್ತಿ ಆಕ್ಸಿಜನ್ ಕೊಟ್ಟರು. ಎರಡು ದಿನಕ್ಕೆ ಇಬ್ಬರೂ ಮನೆಗೆ ಬಂದರು.

ನಾನು ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ಮಾಡಿದವನು. ಬೋಗಾದಿ ಕಡೆಯ ನಮ್ಮ ಅಪಾರ್ಟ್‌ಮೆಂಟಿಗೆ ಆ ವರ್ಷ ಕಾರ್ಯದರ್ಶಿಯೂ ಆಗಿದ್ದೆ. ನಾಲ್ಕು ಮಹಡಿ, 32 ಮನೆ. ಆಸ್ಪತ್ರೆಯಿಂದ ಬಂದವನು ಸೀದಾ ಸೆಕ್ಯೂರಿಟಿ ಕ್ಯಾಬಿನ್ನಿನ ಫೈರ್ ಅಲಾರಂ ಪ್ಯಾನೆಲ್ ಮುಂದೆ ನಿಂತೆ. ಹಳದಿ ಫಾಲ್ಟ್ ಲೈಟಿನ ಮೇಲೆ ಇನ್ಸುಲೇಶನ್ ಟೇಪ್ ಅಂಟಿಸಿದ್ದರು. ಎರಡನೇ ಮಹಡಿಯ ಝೋನ್, ಅಂದರೆ ಆ ಮಹಡಿಯ ಡಿಟೆಕ್ಟರ್‌ಗಳ ಗುಂಪನ್ನೇ, ಆಫ್ ಮಾಡಿಟ್ಟಿದ್ದರು. ಮುಚ್ಚಳ ಬಿಚ್ಚಿದರೆ 12 ವೋಲ್ಟಿನ ಎರಡೂ ಬ್ಯಾಟರಿ ಊದಿಕೊಂಡಿದ್ದವು. ಮೇಲೆ ಬರೆದಿದ್ದ ವರ್ಷ 2017.

ಪ್ಯಾನೆಲ್ ಸರಿಯಿದ್ದರೂ ಆ ರಾತ್ರಿ ಅದು ಕೂಗುತ್ತಿರಲಿಲ್ಲ. ನಮ್ಮಲ್ಲಿರುವ ಹೊಗೆ ಡಿಟೆಕ್ಟರ್ ಒಳಗೆ ಒಂದು ಸಣ್ಣ ಬೆಳಕು ಇರುತ್ತದೆ. ಹೊಗೆಯ ಕಣ ಒಳಹೊಕ್ಕು ಬೆಳಕನ್ನು ಚದುರಿಸಿದಾಗಲೇ ಅದು ಎಚ್ಚರಗೊಳ್ಳುವುದು. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣವಿಲ್ಲ. ಅದಕ್ಕೆ ಬೇರೆಯದೇ ಸೆನ್ಸರ್ ಬೇಕು. ನಮ್ಮ ಕಟ್ಟಡದಲ್ಲಿ ಒಂದೂ ಇರಲಿಲ್ಲ.

ಮೊದಲು ಇದ್ದದ್ದನ್ನು ಸರಿಮಾಡೋಣ ಅಂತ ಹೊರಟೆ. ಝೋನ್ ಆಫ್ ಮಾಡಿದ್ದು ಯಾಕೆ ಅಂತ ಕೇಳಿದಾಗ ನೈಟ್ ಡ್ಯೂಟಿ ಹುಡುಗ ನಿಜ ಹೇಳಿದ. "ದಿನಾ ಒಗ್ಗರಣೆಗೆ ಕೂಗ್ತದೆ ಸಾರ್. ಗೃಹಪ್ರವೇಶದ ಹೋಮಕ್ಕೆ ಕೂಗ್ತದೆ. ಎಲ್ರೂ ನಂಗೇ ಬಯ್ತಾರೆ." ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಒಣಮೆಣಸಿನಕಾಯಿ, ಇಂಗು ಎಣ್ಣೆಗೆ ಬೀಳುವ ಅಡುಗೆಮನೆಯಲ್ಲಿ ಹೊಗೆ ಡಿಟೆಕ್ಟರ್ ಹಾಕಿದ್ದೇ ಮೊದಲ ತಪ್ಪು. ಸುಮ್ನೆ ಕೂಗುವ ಅಲಾರಂ ಅನ್ನು ಯಾರಾದರೂ ಒಬ್ಬರು ಒಂದಲ್ಲ ಒಂದು ದಿನ ಬಾಯಿ ಮುಚ್ಚಿಸಿಯೇ ಮುಚ್ಚಿಸುತ್ತಾರೆ. ಹಾಗಾಗಿ ಅದು ಸುಮ್ನೆ ಕೂಗದಂತೆ ಮಾಡುವುದೇ ನನ್ನ ಮುಖ್ಯ ಕೆಲಸವಾಯಿತು.

ಅಡುಗೆಮನೆಗಳಲ್ಲಿ ಹೊಗೆ ಡಿಟೆಕ್ಟರ್ ತೆಗೆಸಿ ಹೀಟ್ ಡಿಟೆಕ್ಟರ್ ಹಾಕಿಸಿದೆ. ಅದು ಹೊಗೆ ನೋಡುವುದಿಲ್ಲ, ಬಿಸಿ ಮಿತಿ ಮೀರಿದರೆ ಮಾತ್ರ ಕೂಗುತ್ತದೆ. ಕಾರಿಡಾರ್‌ನಲ್ಲಿ ಹೊಗೆಯದ್ದೇ ಇರಲಿ ಅಂತ ಬಿಟ್ಟೆವು. ಏಣಿ ಹತ್ತಿ ಒಂದೊಂದನ್ನೂ ನೋಡಿದಾಗ ಹನ್ನೊಂದು ಡಿಟೆಕ್ಟರ್‌ಗೆ ಪ್ಲಾಸ್ಟಿಕ್ ಟೋಪಿ ಹಾಗೇ ಇತ್ತು. ಬಣ್ಣ ಹೊಡೆಯುವಾಗ ಹಾಕಿದವರು ತೆಗೆದೇ ಇರಲಿಲ್ಲ. ಹತ್ತು ವರ್ಷ ದಾಟಿದ್ದನ್ನೆಲ್ಲ ಬದಲಾಯಿಸಿದೆವು. ಇನ್ನೊಂದು ಮಾತು, ನಮ್ಮೂರಿನಲ್ಲಿ ಊದುಬತ್ತಿ ಕೈಗೆ ಸಿಗುತ್ತದೆ ಅಂತ ಅದನ್ನೇ ಹಿಡಿದು ಟೆಸ್ಟ್ ಮಾಡುವವರಿದ್ದಾರೆ. ಬೇಡ. ಅದರ ಜಿಡ್ಡು ಒಳಗೆ ಕೂರುತ್ತದೆ. ಟೆಸ್ಟ್ ಮಾಡೋಕೆ ಅಂತಲೇ ಸ್ಪ್ರೇ ಸಿಗುತ್ತದೆ. ಮನೆಯಲ್ಲಿ ಹೋಮ ಇದ್ದರೆ ಹಿಂದಿನ ದಿನವೇ ಕ್ಯಾಬಿನ್ನಿಗೆ ಹೇಳಬೇಕು. ಆ ಹೊತ್ತಿಗೆ ಮಾತ್ರ ಝೋನ್ ಆಫ್, ಅಲ್ಲೊಬ್ಬರು ಕಾವಲು, ಮುಗಿದ ತಕ್ಷಣ ಆನ್. ಎರಡೂ ಸಮಯ ಪುಸ್ತಕದಲ್ಲಿ ಬರೆಯಬೇಕು.

ಕಾರ್ಬನ್ ಮೊನಾಕ್ಸೈಡ್ ಅಲಾರಂ ಹುಡುಕೋದು ಕಷ್ಟವಾಯಿತು. ಪೇಟೆಯಲ್ಲಿ ನಾಲ್ಕು ಅಂಗಡಿ ಸುತ್ತಿದೆ. ಎಲ್ಲರೂ ಕೊಟ್ಟಿದ್ದು ಸಿಲಿಂಡರ್ ಗ್ಯಾಸ್ ಲೀಕ್ ಅಲಾರಂ. ಅದು ಬೇರೆ, ಇದು ಬೇರೆ. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲಿ ಹರಡುತ್ತದೆ. ಅದರ ಅಲಾರಂ ನೆಲದ ಹತ್ತಿರ ಇರಬೇಕು. ಕಾರ್ಬನ್ ಮೊನಾಕ್ಸೈಡ್‌ನ ತೂಕ ಹೆಚ್ಚುಕಮ್ಮಿ ಗಾಳಿಯಷ್ಟೇ, ರೂಮಿನ ತುಂಬಾ ಬೆರೆತುಹೋಗುತ್ತದೆ. ಇದನ್ನು ಮಲಗುವವರಿಗೆ ಕೇಳುವ ಹಾಗೆ, ನಮ್ಮ ಮೂಗಿನ ಎತ್ತರದಲ್ಲಿ ಅಥವಾ ಮೇಲೆ ಹಾಕಬೇಕು. ಪರದೆ ಹಿಂದೆ, ಬೀರು ಹಿಂದೆ ಬೇಡ. ಕೊನೆಗೆ ಆನ್‌ಲೈನ್‌ನಲ್ಲಿ ತರಿಸಿದೆವು. ಡಬ್ಬಿಯ ಮೇಲೆ ಇಎನ್ 50291 (ಯುರೋಪಿನ ಮಾನದಂಡ) ಅಥವಾ ಯುಎಲ್ 2034 (ಅಮೆರಿಕದ್ದು) ಅಂತ ಇದೆಯಾ ನೋಡಿಕೊಳ್ಳಿ. ಇಎನ್ ಪ್ರಕಾರ 50 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 50 ಭಾಗ) ಇದ್ದರೆ ಒಂದರಿಂದ ಒಂದೂವರೆ ಗಂಟೆಯೊಳಗೆ, 300 ಇದ್ದರೆ ಮೂರೇ ನಿಮಿಷದಲ್ಲಿ ಕೂಗಬೇಕು. ಸೆನ್ಸರ್‌ಗೂ ಆಯಸ್ಸಿದೆ, ಹಿಂದುಗಡೆ ಬರೆದಿರುತ್ತದೆ. ಟೆಸ್ಟ್ ಬಟನ್ ಒತ್ತಿದಾಗ ಕೂಗಿತು ಅಂದರೆ ಬ್ಯಾಟರಿ, ಬಝರ್ ಸರಿ ಇದೆ ಅಂತ ಮಾತ್ರ. ಅವಧಿ ಮುಗಿದ ಸೆನ್ಸರ್ ಕೂಡ ಹಾಗೆ ಕೂಗಬಹುದು.

ಮೊದಲನೆಯದು ವಾಚ್‌ಮನ್ ರೂಮಿಗೆ ಹೋಯಿತು. ಆ ಕಿಟಕಿಯ ಮೇಲಿನ ಎರಡು ಗಾಜು ತೆಗೆಸಿ ಜಾಲರಿ ಹಾಕಿಸಿದೆವು, ಮುಚ್ಚೋಕೆ ಆಗದ ಹಾಗೆ. ಎರಡು ದಪ್ಪ ಕಂಬಳಿ ಕೊಡಿಸಿದೆವು. ಇಸ್ತ್ರಿಯವರು ಈಗ ಹೋಗುವ ಮೊದಲು ಕೆಂಡಕ್ಕೆ ನೀರು ಸುರಿದು ಹೋಗುತ್ತಾರೆ. ಅವರು ಅತ್ತೇ ಬಿಟ್ಟರು ಪಾಪ, "ಚಳೀಲಿ ಬೆಚ್ಚಗಿರ್ಲಿ ಅಂತ ಕೊಟ್ಟೆ ಸಾರ್" ಅಂತ.

ಆಮೇಲೆ ಗ್ಯಾಸ್ ಗೀಸರ್ ಇರುವ ಒಂಬತ್ತು ಮನೆ. ಹಳೆಯ ಸಹೋದ್ಯೋಗಿಯೊಬ್ಬರ ಹತ್ತಿರ ಕಾರ್ಬನ್ ಮೊನಾಕ್ಸೈಡ್ ಅಳೆಯುವ, ಕೈಯಲ್ಲಿ ಹಿಡಿಯುವ ಮೀಟರ್ ಕಡ ತಂದು ಮನೆಮನೆಗೆ ಹೋದೆ. ಮೂರನೇ ಮಹಡಿಯ ಒಂದು ಮನೆಯಲ್ಲಿ ಗೀಸರ್ ಬಚ್ಚಲಿನ ಒಳಗಿರಲಿಲ್ಲ, ಪಕ್ಕದ ಯುಟಿಲಿಟಿಯಲ್ಲಿತ್ತು. ಬಿಲ್ಡರ್ ಕೊಟ್ಟಾಗ ಆ ಜಾಗ ಬಯಲು. ಪಾರಿವಾಳದ ಕಾಟ ಅಂತ ಇವರು ಅಲ್ಯೂಮಿನಿಯಂ ಸ್ಲೈಡಿಂಗ್ ಹಾಕಿಸಿ ಪೂರ್ತಿ ಮುಚ್ಚಿದ್ದರು. ಉರಿ ನೀಲಿ ಇರಲಿಲ್ಲ, ತುದಿಯಲ್ಲಿ ಹಳದಿ ಆಡುತ್ತಿತ್ತು. ಎಂದಿನ ಹಾಗೆ ಕಿಟಕಿ ಮುಚ್ಚಿ, ಬಿಸಿನೀರಿನ ನಲ್ಲಿ ಬಿಟ್ಟು, ಬಾಗಿಲಲ್ಲಿ ನಿಂತೆವು. ಐದು ನಿಮಿಷಕ್ಕೆ ಮೀಟರ್‌ನಲ್ಲಿ 30 ಪಿಪಿಎಂ. ಹತ್ತಕ್ಕೆ 70. ಹದಿನೈದು ನಿಮಿಷಕ್ಕೆ 110 ದಾಟಿತು. ಆರಿಸಿ, ಕಿಟಕಿ ಪೂರ್ತಿ ತೆಗೆದ ಮೇಲೆ ಸರಸರ ಇಳಿಯಿತು. ಹಿಂದೆ ನಿಂತಿದ್ದ ಅಜ್ಜಿ ಮೆಲ್ಲಗೆ ಕೇಳಿದರು: "ಸ್ನಾನ ಆದ್ಮೇಲೆ ದಿನಾ ನಂಗೆ ತಲೆನೋವಪ್ಪಾ. ಪಿತ್ತ ಅಂದ್ಕೊಂಡಿದ್ದೆ. ಇದೇನಾ?" ಅದೇ ಇರಬಹುದು ಅಮ್ಮ, ಡಾಕ್ಟರಿಗೆ ಇದನ್ನೂ ಹೇಳಿ ಅಂದೆ. ಅವರ ಮಗ ಅವತ್ತೇ ಗೀಸರ್ ಬಂದ್ ಮಾಡಿದರು. ಸರ್ವಿಸ್ ಮಾಡಿಸಿ, ಹೊಗೆ ಕೊಳವೆ ಹೊರಗೆ ಬಿಡಿಸಿ, ಸ್ಲೈಡಿಂಗ್ ತೆಗೆಸಿ ಪಾರಿವಾಳಕ್ಕೆ ಬಲೆ ಕಟ್ಟಿಸಿದ ಮೇಲೆ ಮತ್ತೆ ಅಳೆದೆ. ಮೀಟರ್ ಸೊನ್ನೆ ಬಿಟ್ಟು ಏಳಲಿಲ್ಲ.

ಒಂಬತ್ತರಲ್ಲಿ ಏಳು ಮನೆ ಸರಿಯಾಗಿವೆ. ಉಳಿದ ಎರಡರಲ್ಲಿ ಬಾಡಿಗೆಯವರಿದ್ದಾರೆ, ಮಾಲೀಕರು ಬೇರೆ ಊರಲ್ಲಿದ್ದಾರೆ, ಖರ್ಚು ಯಾರದ್ದು ಅನ್ನುವ ಮಾತು ನಡೀತಿದೆ. ಅಲ್ಲಿಯವರೆಗೆ ಇರಲಿ ಅಂತ ಅಸೋಸಿಯೇಷನ್ ದುಡ್ಡಿನಲ್ಲೇ ಎರಡು ಅಲಾರಂ ಹಾಕಿಸಿದ್ದೇನೆ. ಭಾನುವಾರ ಮೀಟರ್ ಹಿಡಿದುಕೊಂಡು ಮತ್ತೆ ಹೋಗುತ್ತಿದ್ದೇನೆ. ಈ ಸಲ ಮಾಲೀಕರನ್ನು ವಿಡಿಯೋ ಕಾಲ್‌ನಲ್ಲಿ ಇಟ್ಟುಕೊಂಡೇ ಅಂಕಿ ಏರುವುದನ್ನು ತೋರಿಸಬೇಕು ಅಂತಿದ್ದೇನೆ.