ದುಂಬಿಯ ಬೆನ್ನಿನ ಕಾಮನಬಿಲ್ಲು: ಮನೆಯಲ್ಲೇ ಪರೀಕ್ಷಿಸಿ

ಮುಂಗಾರಿನ ಮೊದಲ ಮಳೆ ಬಿದ್ದ ರಾತ್ರಿ ಜಗಲಿಯ ದೀಪಕ್ಕೆ ಮುತ್ತಿ, ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿರುವ ಕಂದು ದುಂಬಿಗಳನ್ನು ಗುಡಿಸಿ ಎಸೆಯಬೇಡಿ, ನಾಲ್ಕೈದನ್ನು ಎತ್ತಿಟ್ಟುಕೊಳ್ಳಿ. ನೆರಳಲ್ಲಿ ಅವು ಬರೀ ಕಂದು. ಬಿಸಿಲಿಗೆ ಹಿಡಿದರೆ ಕೆಲವುಗಳ ಬೆನ್ನ ಮೇಲೆ ಕೆಂಪು, ಹಸಿರು, ನೀಲಿ ಹರಿದಾಡುತ್ತವೆ. ಆ ಬಣ್ಣ ಬಳಿದದ್ದಲ್ಲ. ಗಟ್ಟಿ ರೆಕ್ಕೆಯ ಮೇಲೆ ಒತ್ತೊತ್ತಾಗಿ ಸಾಲುಗಟ್ಟಿದ ಏಣುಗಳಿವೆ; ಒಂದರಿಂದ ಇನ್ನೊಂದಕ್ಕೆ ಹೆಚ್ಚುಕಡಿಮೆ ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಇದಕ್ಕೇ ಗ್ರೇಟಿಂಗ್ ಎನ್ನುವುದು.

ಮೊದಲು ಹಳೆಯ ಸಿ.ಡಿ.ಯಲ್ಲಿ ಕೈ ಪಳಗಲಿ. ಅದರ ಗೀರುಗಳ ನಡುವಿನ ಅಂತರ 1.6 ಮೈಕ್ರಾನ್. ಹೊಳೆಯುವ ಮುಖ ಗೋಡೆಯತ್ತ ಇರುವಂತೆ 50 ಸೆಂ.ಮೀ. ದೂರದಲ್ಲಿ ನಿಲ್ಲಿಸಿ, ಗೋಡೆಯ ಬಳಿಯಿಂದ ಕೆಂಪು ಲೇಸರನ್ನು ನೇರವಾಗಿ ಬಿಡಿ. ಲೇಸರಿನ ಎರಡೂ ಪಕ್ಕ, ಸುಮಾರು 22 ಸೆಂ.ಮೀ. ಆಚೆ, ಗೋಡೆಯ ಮೇಲೆ ಒಂದೊಂದು ಚುಕ್ಕೆ ಮೂಡುತ್ತದೆ. ಕಣ್ಣಿಗೆ ಮಾತ್ರ ಲೇಸರ್ ತಾಗಕೂಡದು, ಮಕ್ಕಳಿದ್ದರೆ ನೀವೇ ಹಿಡಿದುಕೊಳ್ಳಿ.

ಒಂದೊಂದು ಗೀರಿನಿಂದಲೂ ಬೆಳಕಿನ ಅಲೆ ಚದುರುತ್ತದೆ. ಅಲೆಗಳ ಉಬ್ಬಿಗೆ ಉಬ್ಬು ಕೂಡಿದ ದಿಕ್ಕಿನಲ್ಲಿ ಮಾತ್ರ ಬೆಳಕು ಗಟ್ಟಿಯಾಗುತ್ತದೆ. ಕೆಂಪಿನ ಅಲೆ ಉದ್ದ, ಹಾಗಾಗಿ ಹೆಚ್ಚು ವಾಲುತ್ತದೆ. ನೀಲಿಯದು ಗಿಡ್ಡ, ಕಡಿಮೆ ವಾಲುತ್ತದೆ. ಬಿಳಿ ಬೆಳಕು ಬಿದ್ದರೆ ಬಣ್ಣಗಳು ಬೇರೆ ಬೇರೆಯಾಗಿ ಹರಡಿಕೊಳ್ಳುವುದು ಇದರಿಂದಲೇ. ಭೌತವಿಜ್ಞಾನದ ಪಾಠದಲ್ಲಿ ಬರುವ ವಿವರ್ತನೆ ಇದೇ.

ಈಗ ದುಂಬಿ. ಕೋಣೆ ಕತ್ತಲು ಮಾಡಿ, ಮೊಬೈಲ್ ಟಾರ್ಚ್ ಬಿಟ್ಟು ದುಂಬಿಯನ್ನು ನಿಧಾನಕ್ಕೆ ತಿರುಗಿಸಿ. ಬೆಳಕು ಏಣುಗಳಿಗೆ ಅಡ್ಡವಾಗಿ ಬಿದ್ದಾಗ ಇಡೀ ಕಾಮನಬಿಲ್ಲು. ಕಾಲು ಸುತ್ತು ತಿರುಗಿಸಿದರೆ ಮಾಯ. ಟಾರ್ಚಿನ ಮುಂದೆ ತೆಳು ಬಿಳಿ ಹಾಳೆ ಹಿಡಿಯಿರಿ: ಬೆಳಕು ನಾನಾ ಕಡೆಯಿಂದ ಬಂದು ಬಣ್ಣಗಳು ಕಲಸಿಹೋಗುತ್ತವೆ, ದುಂಬಿ ಮತ್ತೆ ಕಂದು. ಬೆಂಕಿಪೊಟ್ಟಣದಲ್ಲಿಟ್ಟು ಸೊಪ್ಪು ತಿನ್ನಿಸಿ ನಾವು ಸಾಕುತ್ತಿದ್ದ ಜೀರ್ಜಿಂಬೆಯ ಹಸಿರು ಮೋಡದ ದಿನವೂ ಹೋಗದು. ಅದು ಹುಟ್ಟುವುದು ರೆಕ್ಕೆಯೊಳಗಿನ ತೆಳು ಪದರಗಳಿಂದ, ಏಣುಗಳಿಂದಲ್ಲ.

ನನಗೆ ಬಹಳ ಇಷ್ಟವಾದ ಪರೀಕ್ಷೆ ಕೊನೆಯದು. 19ನೇ ಶತಮಾನದ ಆರಂಭದಲ್ಲಿ ಸ್ಕಾಟ್ಲೆಂಡಿನ ವಿಜ್ಞಾನಿ ಡೇವಿಡ್ ಬ್ರೂಸ್ಟರ್ ಮುತ್ತಿನ ಚಿಪ್ಪನ್ನು ಮೇಣಕ್ಕೆ ಒತ್ತಿದಾಗ ಅದರ ಬಣ್ಣ ಮೇಣದಲ್ಲೂ ಮೂಡಿತ್ತು. ಹಾಗೆಯೇ ದುಂಬಿಯ ರೆಕ್ಕೆಗೆ ಬಣ್ಣವಿಲ್ಲದ ನೈಲ್ ಪಾಲಿಶ್ ತೆಳುವಾಗಿ ಹಚ್ಚಿ, ಚೆನ್ನಾಗಿ ಒಣಗಿದ ಮೇಲೆ ಸೆಲ್ಲೋ ಟೇಪಿನಿಂದ ಎಬ್ಬಿಸಿ, ಟಾರ್ಚಿಗೆ ಹಿಡಿಯಿರಿ. ಅಚ್ಚು ಸರಿಯಾಗಿ ಬಂದಿದ್ದರೆ ಆ ಖಾಲಿ ಪೊರೆಯ ಮೇಲೂ ಬಣ್ಣ ಆಡುತ್ತದೆ. ಮೊದಲ ಸಲ ಪೊರೆ ಹರಿದರೆ ಇನ್ನೊಂದು ದುಂಬಿ ತೆಗೆದುಕೊಳ್ಳಿ. ನಾಲ್ಕೈದು ಎತ್ತಿಡಿ ಎಂದಿದ್ದು ಅದಕ್ಕೇ.