ಕಂಪನಿಯ ಹಣವಿಲ್ಲದೆ ಜೀವನ ಗುಣಮಟ್ಟ ಸಂಘ ನಡೆಸಿದ ನನ್ನ ಅನುಭವ

ಕಾಯಿಲೆಯೊಂದಿಗೆ ರೋಗಿಗಳ ಬದುಕು ಹೇಗಿದೆ ಎಂಬುದನ್ನು, ಅಂದರೆ ಅವರ ಜೀವನ ಗುಣಮಟ್ಟವನ್ನು, ಪ್ರಶ್ನಾವಳಿಗಳಿಂದ ಅಳೆಯುವವರ ನಮ್ಮ ಪುಟ್ಟ ಸಂಘ ನಾಲ್ಕೈದು ವರ್ಷಗಳಿಂದ ಯಾವ ಔಷಧ ಕಂಪನಿಯ ಮುಂದೆಯೂ ಕೈಚಾಚದೆ ನಡೆಯುತ್ತಿದೆ. ಇದು ಆಗದ ಮಾತು ಎಂದವರು ಬಹಳ ಜನ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಕೇಳುವ ಏಳು ಸಹಿಗಳಿಗಾಗಿ ಓಡಾಡುತ್ತಿದ್ದಾಗಲೇ ಹಿರಿಯ ವೈದ್ಯರೊಬ್ಬರು, "ಹೃದಯಕ್ಕೆ ಸಂಘ ಇದೆ, ಮಧುಮೇಹಕ್ಕೆ ಇದೆ. ಪ್ರಶ್ನಾವಳಿಗೂ ಒಂದು ಸಂಘ ಬೇಕೇನ್ರೀ?" ಎಂದು ಕೇಳಿದ್ದರು. ಎರಡು ಅವಧಿಗೆ ಅಧ್ಯಕ್ಷನಾಗಿದ್ದು ಈಗ ಸಾಮಾನ್ಯ ಸದಸ್ಯನಾಗಿರುವುದರಿಂದ ಲೆಕ್ಕವನ್ನು ಬಿಚ್ಚಿಟ್ಟು ಹೇಳುತ್ತೇನೆ.

ಮೊದಲ ವರ್ಷಗಳಲ್ಲಿ ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು: ಹೋಟೆಲಿನಲ್ಲಿ ವಾರ್ಷಿಕ ಸಮ್ಮೇಳನ, ಕೈಚೀಲ, ಪ್ರಮಾಣಪತ್ರ. ಒಂದು ಸಮ್ಮೇಳನಕ್ಕೆ ಸುಮಾರು ಮೂರೂವರೆ ಲಕ್ಷ ಖರ್ಚಾಯಿತು. ನೋಂದಣಿ ಶುಲ್ಕದಿಂದ ಬಂದದ್ದು ಒಂದು ಲಕ್ಷ ಚಿಲ್ಲರೆ. ಮಳಿಗೆ ಹಾಕುತ್ತೇವೆ ಎಂದಿದ್ದ ಕಂಪನಿ ಕೊನೆಯ ವಾರದಲ್ಲಿ ಹಿಂದೆ ಸರಿಯಿತು. ಊಟದವರ ಬಾಕಿ ತೀರಿಸಲು ಕಾರ್ಯಕಾರಿ ಸಮಿತಿಯವರೇ ಕೈಯಿಂದ ಹಾಕಿದೆವು. ಅದಕ್ಕಿಂತ ನೋವಾದದ್ದು ಮರುವರ್ಷದ ಸದಸ್ಯತ್ವ ನವೀಕರಣದ ಪಟ್ಟಿ ನೋಡಿದಾಗ. ನೂರ ನಲವತ್ತರ ಹತ್ತಿರವಿದ್ದ ಹೆಸರುಗಳು ನಲವತ್ತಕ್ಕೆ ಇಳಿದಿದ್ದವು. ಇಂಥ ಕಾರ್ಯಕ್ರಮಗಳಿಗೆ ಹಾಜರಾದ ವೈದ್ಯರಿಗೆ ವೈದ್ಯಕೀಯ ಪರಿಷತ್ತು ಕೊಡುವ ಕ್ರೆಡಿಟ್ ಅವಧಿಗಾಗಿ ಬಂದವರು ಅದು ಸಿಕ್ಕಿದ ಮೇಲೆ ನಮ್ಮ ಕಡೆ ತಿರುಗಲಿಲ್ಲ.

ಆಗ ಸಮ್ಮೇಳನ ನಿಲ್ಲಿಸಿ 'ಅಂಕದ ಶನಿವಾರ' ಶುರುಮಾಡಿದೆವು. ತಿಂಗಳಿಗೊಂದು ಶನಿವಾರ ಮಧ್ಯಾಹ್ನ, ಎರವಲು ಪಡೆದ ತರಗತಿ ಕೊಠಡಿ. ಭಾಷಣ ಇಲ್ಲ, ಸ್ಲೈಡ್ ಇಲ್ಲ. ತುಂಬಿದ ಪ್ರಶ್ನಾವಳಿಗಳನ್ನು, ರೋಗಿಗಳ ಹೆಸರು ತೆಗೆದು, ತರಬೇಕು. ಎಲ್ಲರೂ ಕೂತು ಅಂಕ ಹಾಕಬೇಕು. "ಕ್ರೆಡಿಟ್ ಇಲ್ಲದಿದ್ದರೆ ಒಂದು ನರಪಿಳ್ಳೆಯೂ ಬರುವುದಿಲ್ಲ" ಎಂದು ನಮ್ಮ ಖಜಾಂಚಿಯೇ ಹೇಳಿದ್ದರು. ಮೊದಲ ಶನಿವಾರ ಬಂದವರು ಐದಾರು ಮಂದಿ. ಅವರಲ್ಲೇ ಇಬ್ಬರ ಹಾಳೆಗಳಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಜೀವನ ಗುಣಮಟ್ಟದ ಪ್ರಶ್ನಾವಳಿಯಾದ ವೂಕಾಲ್-ಬ್ರೆಫ್‌ನ 3, 4 ಮತ್ತು 26ನೇ ಪ್ರಶ್ನೆಗಳ ಅಂಕಗಳನ್ನು ತಿರುಗಿಸದೆ ಹಾಗೇ ಕೂಡಿಸಲಾಗಿತ್ತು. ಈ ಮೂರರಲ್ಲಿ ಅಂಕ ಹೆಚ್ಚಾದಷ್ಟೂ ಸ್ಥಿತಿ ಕೆಟ್ಟದ್ದು, ಹಾಗಾಗಿ ಕೂಡಿಸುವ ಮೊದಲು ಅಂಕವನ್ನು ತಲೆಕೆಳಗು ಮಾಡಬೇಕು. ಇನ್ನೊಬ್ಬ ಸ್ನಾತಕೋತ್ತರ ವಿದ್ಯಾರ್ಥಿನಿ ಕ್ಯಾನ್ಸರ್ ರೋಗಿಗಳ ಕ್ಯೂಎಲ್‌ಕ್ಯೂ-ಸಿ30 ಎಂಬ ಪ್ರಶ್ನಾವಳಿಯ ಹಾಳೆಗಳನ್ನು ತಂದಿದ್ದರು. ಅದರಲ್ಲಿ ಕಾರ್ಯಸಾಮರ್ಥ್ಯದ ಅಂಕ ಹೆಚ್ಚಾದರೆ ಒಳ್ಳೆಯದು, ರೋಗಲಕ್ಷಣದ ಅಂಕ ಹೆಚ್ಚಾದರೆ ಕೆಟ್ಟದ್ದು. ಅವರ ಕರಡಿನಲ್ಲಿ ನೋವಿನ ಅಂಕ ಏರಿದ್ದನ್ನು ಸುಧಾರಣೆ ಎಂದು ಬರೆಯಲಾಗಿತ್ತು. ಪ್ರಬಂಧ ಸಲ್ಲಿಸಲು ಇನ್ನು ಕೆಲವೇ ದಿನಗಳಿದ್ದವು. ಸೋಮವಾರವೇ ಅವರ ಮಾರ್ಗದರ್ಶಕರು ಫೋನ್ ಮಾಡಿ ಸದಸ್ಯತ್ವದ ಅರ್ಜಿ ಕೇಳಿದರು. ಅಲ್ಲಿಂದ ನಾವು ಯಾರನ್ನೂ ಕರೆಯಬೇಕಾಗಲಿಲ್ಲ.

ವಾರ್ಷಿಕ ಚಂದಾ ಆರು ನೂರು ರೂಪಾಯಿ, ವಿದ್ಯಾರ್ಥಿಗಳಿಗೆ ಇನ್ನೂರು, ಸದಸ್ಯರಲ್ಲದವರಿಗೆ ಒಂದು ಶನಿವಾರಕ್ಕೆ ನೂರೈವತ್ತು. ಲೆಕ್ಕ ಪರಿಶೋಧಕರ ಶುಲ್ಕ, ನೋಂದಣಾಧಿಕಾರಿ ಕಚೇರಿಗೆ ವರ್ಷ ವರ್ಷ ಸಲ್ಲಿಸಬೇಕಾದ ಪಟ್ಟಿ, ಚಹಾ ಬಿಸ್ಕತ್ತು ಎಲ್ಲ ಕಳೆದು ಬ್ಯಾಂಕಿನಲ್ಲಿ ಈಗ ಎಂಬತ್ತು ತೊಂಬತ್ತು ಸಾವಿರ ಇದೆ. ಪ್ರಶ್ನಾವಳಿಗಳ ಪರವಾನಗಿಗೆ ಸಂಘ ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಎಸ್‌ಎಫ್-36 ಎಂಬ ಆರೋಗ್ಯ ಪ್ರಶ್ನಾವಳಿಗೆ ಹಣ ಕಟ್ಟಬೇಕೆಂದು ಕೈಚೆಲ್ಲಿದವರಿಗೆ ಬಹುತೇಕ ಅದೇ ಪ್ರಶ್ನೆಗಳಿರುವ, ಉಚಿತವಾಗಿರುವ ರ‍್ಯಾಂಡ್-36 ತೋರಿಸುತ್ತೇವೆ. ಇಕ್ಯೂ-5ಡಿ ಎಂಬ ಚಿಕ್ಕ ಪ್ರಶ್ನಾವಳಿ ಬೇಕಾದರೆ ಅದರ ಹಕ್ಕು ಹೊಂದಿರುವ ಯೂರೋಕಾಲ್‌ನಲ್ಲಿ ಮೊದಲೇ ನೋಂದಾಯಿಸಲು ಹೇಳುತ್ತೇವೆ.

ಕಾರ್ಯಕಾರಿ ಸಮಿತಿಯಲ್ಲಿ ರೋಗಿಗಳಿಗೂ ಆರೈಕೆ ಮಾಡುವವರಿಗೂ ಸ್ಥಾನ ಮೀಸಲಿಡುವ ತಿದ್ದುಪಡಿಗೆ ಸರ್ವಸದಸ್ಯರ ಸಭೆಯಲ್ಲಿ ದೊಡ್ಡ ಜಗಳವೇ ಆಯಿತು. ಈ ಕ್ಷೇತ್ರದ ಅಂತರರಾಷ್ಟ್ರೀಯ ಸಂಘವಾದ ಐಸೊಕಾಲ್‌ನಲ್ಲಿ ರೋಗಿಗಳ ಸಹಭಾಗಿತ್ವಕ್ಕೇ ಒಂದು ಗುಂಪಿದೆ. ಅದನ್ನು ಮುಂದಿಟ್ಟುಕೊಂಡೇ ನಾನು ವಾದಿಸಿದೆ. ಅಲ್ಪ ಬಹುಮತದಲ್ಲಿ ಗೆದ್ದೆವು. ಹಾಗೆ ಬಂದ, ವಾರಕ್ಕೆ ಮೂರು ಬಾರಿ ಡಯಾಲಿಸಿಸ್ ಮಾಡಿಸಿಕೊಳ್ಳುವ ಮಹಿಳೆಯೊಬ್ಬರು ಎರಡನೇ ಸಭೆಯಲ್ಲೇ, "ಇವತ್ತು ಹೇಗಿದ್ದೀರಿ ಎಂದು ಕೇಳುತ್ತೀರಲ್ಲ ಸರ್, ಯಾವ ಇವತ್ತು? ಯಂತ್ರದಿಂದ ಎದ್ದ ದಿನವೋ, ಮರುದಿನವೋ?" ಎಂದರು. ವೂಕಾಲ್-ಬ್ರೆಫ್ ಕಳೆದ ಎರಡು ವಾರಗಳನ್ನು ಕೇಳುತ್ತದೆ, ಸಿ30 ಬಹುಪಾಲು ಕಳೆದ ವಾರವನ್ನು, ಇಕ್ಯೂ-5ಡಿ ಇಂದಿನ ದಿನವನ್ನು. ನಮಗೆಲ್ಲ ಬಾಯಿಪಾಠ. ಆದರೂ ಡಯಾಲಿಸಿಸ್‌ನ ಯಾವ ದಿನ ಫಾರಂ ತುಂಬಿಸಿದರು ಎಂಬುದನ್ನು ನಮ್ಮ ಸದಸ್ಯರಲ್ಲಿ ಒಬ್ಬರೂ ಬರೆದಿಡುತ್ತಿರಲಿಲ್ಲ. ಈಗ ಎಲ್ಲರ ಹಾಳೆಯಲ್ಲೂ ಅದಕ್ಕೊಂದು ಅಂಕಣವಿದೆ. ಆ ಒಂದು ಪ್ರಶ್ನೆಯ ಮುಂದೆ ನಮ್ಮ ಮೂರೂವರೆ ಲಕ್ಷದ ಸಮ್ಮೇಳನ ನನಗೆ ಸಪ್ಪೆಯಾಗಿ ಕಾಣುತ್ತದೆ.

ವೂಕಾಲ್-ಬ್ರೆಫ್‌ನ 21ನೇ ಪ್ರಶ್ನೆ, ಲೈಂಗಿಕ ಜೀವನದ್ದು, ನಮ್ಮಲ್ಲಿ ಹೆಚ್ಚಾಗಿ ಖಾಲಿಯೇ ಬರುತ್ತದೆ. ಅದು ಸೇರುವ ಸಾಮಾಜಿಕ ಸಂಬಂಧಗಳ ಕ್ಷೇತ್ರದಲ್ಲಿ, ಅಂದರೆ ಆ ಪ್ರಶ್ನೆಗಳ ಗುಂಪಿನಲ್ಲಿ, ಇರುವುದೇ ಮೂರು ಪ್ರಶ್ನೆ. ಇನ್ನೊಂದೂ ಖಾಲಿಯಾದರೆ ಆ ಕ್ಷೇತ್ರದ ಅಂಕವೇ ಹೋಯಿತು. ಜೊತೆಗೆ ಬಂದವರನ್ನು ಹೊರಗೆ ಕೂರಿಸಿ, ಮಹಿಳೆಯರನ್ನು ಮಹಿಳೆಯರೇ ಕೇಳುವಂತೆ ಮಾಡಿದ ಮೇಲೆ ನಮ್ಮಲ್ಲಿ ಖಾಲಿ ಹಾಳೆಗಳು ಅರ್ಧಕ್ಕಿಂತ ಕಡಿಮೆಯಾದವು. ಫಾರಂ ಕೊಡುವ ಮೊದಲು ಶುಶ್ರೂಷಕಿಯರು ಆಡುವ ಮಾತೊಂದಿದೆ. ಅದನ್ನು ಶನಿವಾರ ಬಂದವರಿಗಷ್ಟೇ ಹೇಳಿಕೊಡುತ್ತೇವೆ.

ಇನ್ನೊಂದು ಪ್ರಯೋಗವನ್ನೂ ಹೇಳಿಬಿಡುತ್ತೇನೆ. ಇಂದಿನ ಆರೋಗ್ಯಕ್ಕೆ ರೋಗಿಯೇ ಅಂಕ ಕೊಡುವ ಇಕ್ಯೂ-5ಡಿಯ ಸೊನ್ನೆಯಿಂದ ನೂರರ ಮಾಪಕದ ಮುಂದೆ ಹಳ್ಳಿಯ ವೃದ್ಧರು ಐವತ್ತು ಅಥವಾ ನೂರು ಎಂದು ಮುಗಿಸಿಬಿಡುತ್ತಿದ್ದರು. ಎಂಬತ್ತು ವರ್ಷದ ಆಸುಪಾಸಿನ ಕೆಲವರ ಮುಂದೆ ಹದಿನಾರು ಅವರೆಕಾಳು ಇಟ್ಟು, "ರೂಪಾಯಿಗೆ ಎಷ್ಟಾಣೆ ಆರೋಗ್ಯ ಇದೆ ಅಜ್ಜ?" ಎಂದು ಕೇಳಿದೆ. ಹತ್ತಾಣೆ, ಹನ್ನೊಂದಾಣೆ ಎಂದು ಕಾಳು ಎಣಿಸಿ ಬೇರೆ ಇಟ್ಟರು; ಒಬ್ಬರು ಮೊಣಕಾಲಿಗೆಂದು ಎರಡಾಣೆ ಕಳೆದರು. ಮಾಪಕವನ್ನು ಬದಲಿಸಲು ಯೂರೋಕಾಲ್ ಅನುಮತಿ ಬೇಕು, ಹಾಗಾಗಿ ಆ ಅಂಕಗಳನ್ನು ಯಾವ ಪ್ರಬಂಧಕ್ಕೂ ಸೇರಿಸಿಲ್ಲ. ಆ ಟಿಪ್ಪಣಿ ಪುಸ್ತಕ ಮಾತ್ರ ಜೋಪಾನವಾಗಿದೆ. ಆಣೆಯ ಲೆಕ್ಕ ಬಲ್ಲವರು ಇರುವಷ್ಟರಲ್ಲಿ ಯಾರಾದರೂ ಇದನ್ನು ಸರಿಯಾದ ಅಧ್ಯಯನವಾಗಿ ಮಾಡಬೇಕೆಂಬ ಆಸೆ ನನಗಿದೆ.

ಬರುವ ಏಪ್ರಿಲ್‌ನಿಂದ ಹುಬ್ಬಳ್ಳಿಯಲ್ಲೂ ಅಂಕದ ಶನಿವಾರ ಶುರುವಾಗಲಿದೆ. ಅಲ್ಲಿನ ಗೆಳೆಯರಿಗೆ ಎರಡೇ ಷರತ್ತು ಹಾಕಿದ್ದೇನೆ: ಸಮಿತಿಯಲ್ಲಿ ಮೊದಲ ದಿನದಿಂದಲೇ ರೋಗಿಗಳಿರಬೇಕು, ಮೊದಲ ಎರಡು ವರ್ಷ ಸಮ್ಮೇಳನದ ಮಾತೆತ್ತಬಾರದು. ಮೊದಲನೆಯದಕ್ಕೆ ಒಪ್ಪಿದ್ದಾರೆ. ಎರಡನೆಯದರ ಬಗ್ಗೆ ಚರ್ಚೆ ನಡೆದಿದೆ.