ಮೊದಲ ಸ್ಕ್ರ್ಯಾಪ್‌ಬುಕ್‌ಗೆ ನಾನು ಸಾಮಾನು ಆರಿಸಿದ ಬಗೆ

ಸ್ಕ್ರ್ಯಾಪ್‌ಬುಕ್, ಅಂದರೆ ಫೋಟೊ ಹಚ್ಚಿ ಪಕ್ಕದಲ್ಲಿ ನೆನಪು ಬರೆದಿಡುವ ಪುಸ್ತಕ, ಮಾಡಬೇಕು ಅನ್ನಿಸಿದಾಗ ನಾನು ಮೊದಲು ಸಾಮಾನು ಹುಡುಕಲಿಲ್ಲ. ಫೋಟೊಗಳನ್ನು ಹರಡಿಕೊಂಡು ಕೂತೆ. ಅಜ್ಜ, ಅಜ್ಜಿ ಇರುವ ಫೋಟೊಗಳನ್ನಷ್ಟೇ ಬೇರೆ ಮಾಡಿದೆ. ಎಷ್ಟು ಫೋಟೊ ಇವೆ, ಯಾವ ಅಳತೆಯವು, ಪಕ್ಕದಲ್ಲಿ ಎಷ್ಟು ಬರೆಯಬೇಕು ಅಂತ ಗೊತ್ತಾದ ಮೇಲೆ ಏನೇನು ಬೇಕು ಅನ್ನುವುದೂ ತಿಳಿಯಿತು. ಫೋಟೊ ನೋಡದೆ ಹೊರಟರೆ ಚೆಂದ ಕಂಡ ಕಾಗದವನ್ನೆಲ್ಲ ತಂದು ಗುಡ್ಡೆ ಹಾಕುವುದಾಗುತ್ತದೆ, ಅಲ್ವಾ?

ಆರಿಸುವಾಗ ಒಂದೇ ಲೆಕ್ಕ ಇಟ್ಟುಕೊಂಡೆ. ಫೋಟೊಗೆ ತಾಗುವ ವಸ್ತು ಒಳ್ಳೆಯದೇ ಆಗಬೇಕು. ತಾಗದ್ದು ಮನೆಯಲ್ಲಿರುವುದೇ ಸಾಕು.

ಇಷ್ಟು ಹಟ ಹಿಡಿಯಲು ಕಾರಣ ನಮ್ಮ ಮನೆಯ ಹಳೆಯ ಅಂಟು ಆಲ್ಬಮ್. ರಟ್ಟಿನ ಹಾಳೆಯ ಮೇಲೆ ಗೆರೆಗೆರೆಯಾಗಿ ಅಂಟು, ಅದರ ಮೇಲೊಂದು ಪ್ಲಾಸ್ಟಿಕ್ ಹೊದಿಕೆ. ಇದನ್ನು ಮ್ಯಾಗ್ನೆಟಿಕ್ ಆಲ್ಬಮ್ ಅಂತಲೂ ಕರೆಯುತ್ತಾರೆ. ಅಂಟು ಕಂದು ಬಣ್ಣಕ್ಕೆ ತಿರುಗಿ ಫೋಟೊದ ಬೆನ್ನಿಗೆ ಕಚ್ಚಿಕೊಂಡಿತ್ತು. ಹಲ್ಲಿನ ಸಂದಿ ಶುಚಿ ಮಾಡುವ ಫ್ಲಾಸ್ ದಾರವನ್ನು ಫೋಟೊದ ಹಿಂದೆ ತೂರಿಸಿ, ಅತ್ತ ಇತ್ತ ಎಳೆಯುತ್ತಾ ಒಂದೊಂದಾಗಿ ಬಿಡಿಸಿದೆ. ಬಿಗಿಯಾಗಿ ಹಿಡಿದದ್ದನ್ನು ಎಳೆಯಲು ಹೋಗದೆ, ಹಾಳೆಯ ಸಮೇತ ಸ್ಕ್ಯಾನ್ ಮಾಡಿಕೊಂಡೆ.

ಆದ್ದರಿಂದ ಹೊಸ ಆಲ್ಬಮ್ ತಗೊಳ್ಳುವಾಗ ಮೊದಲು ನೋಡಿದ್ದು ಪ್ಲಾಸ್ಟಿಕ್ ಕವರ್ ಯಾವುದರದ್ದು ಅಂತ. ಪಿವಿಸಿ ಅನ್ನುವ ಪ್ಲಾಸ್ಟಿಕ್ ಫೋಟೊ ಕೆಡಿಸುತ್ತದೆ, ಅದು ಬೇಡವೇ ಬೇಡ. ಹೊಸ ಪ್ಲಾಸ್ಟಿಕ್‌ನ ಘಾಟು ಮೂಗಿಗೆ ಬಡಿದರೆ ಅದು ಪಿವಿಸಿ ಇರಬಹುದು ಅಂತ ಅನುಮಾನ ಪಡಬೇಕು. ಪಾಲಿಪ್ರೊಪಿಲೀನ್, ಪಾಲಿಥೀನ್, ಪಾಲಿಯೆಸ್ಟರ್ ಈ ಮೂರೂ ಫೋಟೊಗೆ ಹಾನಿ ಮಾಡುವುದಿಲ್ಲ. ಅಳತೆಯಲ್ಲಿ 12x12 ಇಂಚಿನದು ಜನಪ್ರಿಯ. 4x6 ಇಂಚಿನ ನಾಲ್ಕೈದು ಫೋಟೊ ಹಾಕಿದರೂ ಬರೆಯಲು ಜಾಗ ಉಳಿಯುತ್ತದೆ. ಪುಟಕ್ಕೆ ಒಂದೋ ಎರಡೋ ಫೋಟೊ ಸಾಕು ಅನ್ನುವವರಿಗೆ ಎ4 ಅಥವಾ ಅದಕ್ಕಿಂತ ಚಿಕ್ಕದು ಹಿತ. ದೊಡ್ಡ ಖಾಲಿ ಪುಟ ಹೊಸಬರನ್ನು ಹೆದರಿಸುತ್ತದೆ. ರಿಂಗ್ ಇರುವ ಆಲ್ಬಮ್‌ನಲ್ಲಿ ಪುಟಗಳನ್ನು ಹಿಂದೆ ಮುಂದೆ ಮಾಡುವುದು ಸುಲಭ ಅಂತ ನಾನು ಅದನ್ನೇ ತಗೊಂಡೆ. ಸ್ಕ್ರೂ ಹಾಕಿ ಬಿಗಿಯುವ ಆಲ್ಬಮ್‌ನಲ್ಲಿ ಎದುರುಬದುರು ಪುಟಗಳು ಚೆನ್ನಾಗಿ ಕೂಡಿ ನಿಲ್ಲುತ್ತವೆ, ಆದರೆ ಒಂದು ಪುಟ ಸೇರಿಸಬೇಕೆಂದರೂ ಬಿಚ್ಚಬೇಕು.

ಕಾಗದದ ಪೊಟ್ಟಣದ ಮೇಲೆ ಎರಡು ಮಾತು ಹುಡುಕಿದೆ. ಆಸಿಡ್ ಫ್ರೀ (ಆಮ್ಲ ಇಲ್ಲದ್ದು) ಮತ್ತು ಲಿಗ್ನಿನ್ ಫ್ರೀ. ಲಿಗ್ನಿನ್ ಮರದಲ್ಲೇ ಇರುವ ಅಂಶ. ಸುದ್ದಿಪತ್ರಿಕೆಯ ಕಾಗದ ಬಿಸಿಲಿಗೆ ಹಳದಿಯಾಗುವುದು ಅದರಿಂದಲೇ. ಆಸಿಡ್ ಫ್ರೀ ಅಂದರೆ ಆಮ್ಲೀಯತೆಯ ಅಳತೆಯಾದ ಪಿಎಚ್ 7 ಅಥವಾ ಅದಕ್ಕಿಂತ ಮೇಲೆ. ಕೆಲವು ಕಾಗದಗಳಿಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಕೂಡ ಬೆರೆಸಿರುತ್ತಾರೆ, ಮುಂದೆ ಹುಟ್ಟುವ ಆಮ್ಲವನ್ನು ಅದು ಹೀರಿಕೊಳ್ಳುತ್ತದೆ. ‘ಆರ್ಕೈವಲ್’ (ಬಹುಕಾಲ ಕೆಡದ್ದು) ಅನ್ನುವ ಪದವನ್ನು ಮಾತ್ರ ನಾನು ನೆಚ್ಚಿಕೊಳ್ಳುವುದಿಲ್ಲ, ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಫೋಟೊಗ್ರಾಫಿಕ್ ಆ್ಯಕ್ಟಿವಿಟಿ ಟೆಸ್ಟ್ ಅಥವಾ ಐಎಸ್‌ಒ 18916 ಅಂತ ಬರೆದಿದ್ದರೆ ಅದಕ್ಕೆ ತೂಕ ಜಾಸ್ತಿ. ಕಾಗದ, ಅಂಟು ಫೋಟೊವನ್ನು ಕೆಡಿಸುತ್ತವೆಯೇ ಎಂದು ನೋಡುವ ಪರೀಕ್ಷೆಯೇ ಅದು. ಪುಟಕ್ಕೆ ಆಧಾರವಾಗಿ 200 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಆಸುಪಾಸಿನ ಕಾರ್ಡ್‌ಸ್ಟಾಕ್, ಅಂದರೆ ದಪ್ಪ ಕಾಗದ, ಬಳಸಿದೆ. ತೆಳು ಕಾಗದ ಫೋಟೊಗಳ ಭಾರಕ್ಕೆ ಬಾಗುತ್ತದೆ. ಬಣ್ಣ ಅಂದರೆ ಬಿಳಿ, ಕಪ್ಪು, ತಿಳಿಕಂದು, ಜೊತೆಗೆ ಫೋಟೊಗಳಲ್ಲೇ ಕಂಡ ಒಂದೆರಡು. ಅಜ್ಜಿಯ ಸೀರೆಯ ಹಸಿರು ಅದರಲ್ಲಿ ಒಂದು.

ಅಂಟಿನ ವಿಷಯಕ್ಕೆ ಜಾಸ್ತಿ ಹೊತ್ತು ಕೊಟ್ಟೆ, ನೀವೂ ಕೊಡಿ. ಮಕ್ಕಳ ಪ್ರಾಜೆಕ್ಟ್‌ಗೆ ಬಳಸುವ ಬಿಳಿ ಅಂಟಿನಲ್ಲಿ ನೀರಿನ ಅಂಶ ಹೆಚ್ಚು, ಕಾಗದ ಸುಕ್ಕಾಗುತ್ತದೆ. ರಬ್ಬರ್ ಸಿಮೆಂಟ್ ಫೋಟೊಗೆ ಕಲೆ ಮಾಡುತ್ತದೆ. ಪಾರದರ್ಶಕ ಸೆಲೋಟೇಪ್ ಹಳದಿಯಾಗಿ, ಕೊನೆಗೆ ಪೊರೆ ಕಳಚಿ, ಜಿಗುಟು ಮಾತ್ರ ಉಳಿಯುತ್ತದೆ. ಹೀಗಾಗಿ ಹಳೆಯ ಫೋಟೊಗಳಿಗೆ ನಾನು ಅಂಟನ್ನೇ ತಾಗಿಸಲಿಲ್ಲ. ನಾಲ್ಕು ಮೂಲೆಗೂ ಫೋಟೊ ಕಾರ್ನರ್ ಹಚ್ಚಿದೆ. ಅಂಟು ಇರುವುದು ಕಾರ್ನರ್‌ನ ಬೆನ್ನಿಗೆ. ಫೋಟೊ ಅದರೊಳಗೆ ಸುಮ್ನೆ ಸಿಕ್ಕಿಕೊಂಡಿರುತ್ತದೆ. ಬೇಕಾದಾಗ ತೆಗೆದು ಹಿಂಬದಿಯ ಬರಹ ಓದಬಹುದು. ಈ ಚಿಕ್ಕ ವಸ್ತುವಿನಷ್ಟು ನೆಮ್ಮದಿ ಕೊಟ್ಟದ್ದು ಬೇರೆ ಯಾವುದೂ ಇಲ್ಲ. ಮತ್ತೆ ಪ್ರಿಂಟ್ ಹಾಕಿಸಬಹುದಾದ ಫೋಟೊಗಳಿಗೆ, ಕಾಗದಕ್ಕೆ ಕಾಗದ ಹಚ್ಚಲು ಎರಡೂ ಬದಿ ಅಂಟಿರುವ ಟೇಪ್ ರನ್ನರ್ ಸಾಕು. ಅದರಲ್ಲೂ ರೀಫಿಲ್ ಸಿಗುವಂಥದ್ದನ್ನೇ ನೋಡಿ.

ಬರೆಯಲು ಪಿಗ್ಮೆಂಟ್ ಇಂಕಿನ ಕಪ್ಪು ಪೆನ್, 0.3 ಮತ್ತು 0.5 ಮಿ.ಮೀ. ಮೊನೆಯವು. ಬಾಲ್ ಪೆನ್ನಿನ ಶಾಯಿ ಮಾಸುತ್ತದೆ, ಹಾಳೆಯ ಆಚೆ ಬದಿಗೆ ಒತ್ತೂ ಮೂಡುತ್ತದೆ. ಅಚ್ಚಿಗಿಂತ ಕೈಬರಹ ಚೆನ್ನ ಅಂತ ನನಗೆ ಅನ್ನಿಸುತ್ತದೆ, ಅಕ್ಷರ ಸೊಟ್ಟಗಿದ್ದರೂ ಸರಿ. ಯಾರು, ಎಲ್ಲಿ, ಯಾವಾಗ ಇಷ್ಟು ಬರೆಯದೆ ಯಾವ ಪುಟವನ್ನೂ ಮುಗಿಸಬೇಡಿ.

ಕತ್ತರಿಸಲು ಚೂಪಾದ ಕತ್ತರಿ, ಸ್ಟೀಲ್ ಸ್ಕೇಲ್, ಕಟ್ಟರ್, ಕೆಳಗೆ ಹಾಸಲು ಕಟಿಂಗ್ ಮ್ಯಾಟ್. ಹಾಳೆಯನ್ನು ನೇರವಾಗಿ ಕತ್ತರಿಸುವ ಪೇಪರ್ ಟ್ರಿಮ್ಮರ್ ಆಮೇಲೂ ತರಬಹುದು. ತರುವಾಗ 12 ಇಂಚಿನ ಹಾಳೆ ಅದರಲ್ಲಿ ಪೂರ್ತಿ ಕೂರುತ್ತದೆಯೇ ನೋಡಿ, ಚಿಕ್ಕದಾದರೆ ಉಪಯೋಗವಿಲ್ಲ. ಒಂದೇ ಪ್ರತಿ ಇರುವ ಹಳೆಯ ಫೋಟೊಗೆ ಮಾತ್ರ ಕತ್ತರಿ ಹಾಕಬಾರದು. ಅದರ ಪ್ರಿಂಟ್ ತೆಗೆಸಿ ಪ್ರಿಂಟನ್ನು ಕತ್ತರಿಸಿ.

ಸ್ಟಿಕರ್, ರಿಬ್ಬನ್, ಪಂಚ್, ರಬ್ಬರ್ ಸ್ಟ್ಯಾಂಪ್, ವಾಶಿ ಟೇಪ್ (ಅಲಂಕಾರದ ಕಾಗದದ ಟೇಪ್) ಇವನ್ನೆಲ್ಲ ಕೆಲವು ಪುಟ ಮಾಡಿದ ಮೇಲೆ ತನ್ನಿ. ಅಷ್ಟರಲ್ಲಿ ನಿಮಗೆ ಯಾವುದು ಇಷ್ಟ ಅಂತ ಗೊತ್ತಾಗಿರುತ್ತದೆ. ಲೋಹದ ಗುಂಡಿಯಂಥ ಉಬ್ಬು ವಸ್ತುವನ್ನು ಎದುರು ಪುಟದ ಫೋಟೊಗೆ ಒತ್ತುವ ಜಾಗದಲ್ಲಿ ಇಡಬೇಡಿ. ಟಿಕೆಟ್, ಪತ್ರಿಕೆಯ ತುಣುಕು ಹಾಕುವುದಾದರೆ ಆಸಿಡ್ ಫ್ರೀ ಕಾಗದದ ಮೇಲೆ ಅದರ ನಕಲು ತೆಗೆದು ಹಾಕಿ. ಬಸ್ ಟಿಕೆಟ್, ಬಿಲ್ಲುಗಳು ಎಷ್ಟೋ ಸಲ ಬಿಸಿಯಿಂದ ಅಕ್ಷರ ಮೂಡಿಸುವ ಥರ್ಮಲ್ ಕಾಗದದವು, ಬರಹ ತಾನಾಗಿ ಅಳಿಸಿಹೋಗುತ್ತದೆ. ಅವನ್ನು ಕೈಗೆ ಬಂದ ದಿನವೇ ಸ್ಕ್ಯಾನ್ ಮಾಡಿಡಿ.